ರಾಷ್ಟ್ರಗಳ ಮೈತ್ರಿ: ವಯನಾಡಿನ ಚರಿತ್ರೆ ಕಲಿಸುವ ಪಾಠ

(ಮುಖ್ಯೋಪಾಧ್ಯಾಯರು, ಬಿ.ಎ., ಬಿ.ಟಿ.)

ಈ ವರ್ಷ ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಸಮಾಜಪಾಠ ನಡೆದಿತ್ತು. ವೃತ್ತಪತ್ರಿಕೆಯಲ್ಲಿ ಬಂದಿದ್ದ ಯುದ್ಧವಾರ್ತೆಯನ್ನು ಓದಿ ವಿವರಿಸಿದ ಬಳಿಕ, ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, "ಸಾರ್, ಒಬ್ಬರ ಮೇಲೆ ಬಿದ್ದರೆ ಎಲ್ಲರ ಮೇಲೆ ಬಿದ್ದಂತೆ ಎಂದು ಯೂರೋಪಿನ ದೇಶಗಳು ಬರೆದುಕೊಂಡಿವೆಯಂತೆ. ನಮ್ಮ ಮೇಲೆ ಯಾರಾದರೂ ಬಿದ್ದರೆ ಯಾರು ಬರುತ್ತಾರೆ?" ಎಂದು ಕೇಳಿದನು. ಅವನ ಅಣ್ಣನು ಸೈನ್ಯದಲ್ಲಿರುವನೆಂಬುದು ನನಗೆ ತಿಳಿದಿತ್ತು. ಆದುದರಿಂದ ಆ ಪ್ರಶ್ನೆಯು ಕೇವಲ ಕುತೂಹಲದಿಂದ ಹುಟ್ಟಿದುದಲ್ಲವೆಂದೂ ತಿಳಿಯಿತು.

ಪಾಠದ ಅವಧಿ ಮುಗಿಯುತ್ತ ಬಂದಿತ್ತು; ಒಂದು ವಾಕ್ಯದಲ್ಲಿ ಉತ್ತರಿಸಿ ಮುಗಿಸಬಹುದಾದ ಪ್ರಶ್ನೆಯೂ ಅದಲ್ಲ. ಆ ಹುಡುಗನಿಗೂ, ಮನೆಯ ಮಗನನ್ನು ಗಡಿಗೆ ಕಳುಹಿಸಿ ದಾರಿ ನೋಡುತ್ತಿರುವ ತಂದೆತಾಯಿಗಳಿಗೂ ಉತ್ತರವಾಗಿ ಈ ಲೇಖನವನ್ನು ಬರೆದಿದ್ದೇನೆ. ಉದಾಹರಣೆಗಳಿಗಾಗಿ ಮೊದಲೇ ದೂರ ಹೋಗಬೇಕಾಗಿಲ್ಲ. ನಾವು ನಿತ್ಯವೂ ನಡೆದಾಡುವ ಸುಲ್ತಾನ್ ಬತ್ತೇರಿ, ಪನಮರಂ, ಪೆರಿಯ ಘಾಟಿಗಳಲ್ಲಿಯೇ ಈ ವಿಷಯದ ಮೊದಲ ಪಾಠವಿದೆ.

ಪದಗಳ ಅರ್ಥ

ಮೊದಲು ಕೆಲವು ಪದಗಳ ಅರ್ಥವನ್ನು ಖಚಿತಪಡಿಸಿಕೊಳ್ಳೋಣ. ಕೌಟಿಲ್ಯನು ತನ್ನ 'ಅರ್ಥಶಾಸ್ತ್ರ'ದಲ್ಲಿ ರಾಜನೀತಿಯ ಆರು ಉಪಾಯಗಳನ್ನು ಹೇಳಿದ್ದಾನೆ: ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ. ಇವುಗಳಲ್ಲಿ ಸಂಧಿ ಮತ್ತು ಸಂಶ್ರಯ ಎಂಬೆರಡನ್ನು ವಿದ್ಯಾರ್ಥಿಗಳು ಚೆನ್ನಾಗಿ ನೆನಪಿಡಬೇಕು. ಇಬ್ಬರು ಷರತ್ತುಗಳನ್ನು ಗೊತ್ತುಮಾಡಿಕೊಂಡು ಮಾಡುವ ಒಪ್ಪಂದವು ಸಂಧಿ. ಬಲಹೀನನು ತನ್ನನ್ನು ಬಲವಂತನಿಗೆ ಒಪ್ಪಿಸಿಕೊಂಡು ಆಶ್ರಯ ಪಡೆಯುವುದು ಸಂಶ್ರಯ. ಮೇಲ್ನೋಟಕ್ಕೆ ಎರಡೂ ಸ್ನೇಹದಂತೆಯೇ ಕಾಣುತ್ತವೆ. ಎರಡಕ್ಕೂ ಕಾಗದವೂ ಮುದ್ರೆಯೂ ಇರುತ್ತವೆ. ಆದರೆ ಫಲದಲ್ಲಿ ಬಹಳ ಅಂತರವಿದೆ.

ಇಂದಿನ ಪತ್ರಿಕೆಗಳಲ್ಲಿ ಬರುವ ಎರಡು ಮಾತುಗಳಿಗೂ ಭೇದವಿದೆ. ಜಗತ್ತಿನ ರಾಷ್ಟ್ರಗಳೆಲ್ಲ ಒಂದೇ ಸಭೆಯಲ್ಲಿ ಸೇರಿ, ತಮ್ಮಲ್ಲಿ ಯಾರು ಆಕ್ರಮಣ ಮಾಡಿದರೂ ಉಳಿದವರು ತಡೆಯುವರೆಂಬುದು 'ಸಾಮೂಹಿಕ ಭದ್ರತೆ'. ೧೯೪೫ರಲ್ಲಿ ಸ್ಥಾಪಿತವಾದ ವಿಶ್ವಸಂಸ್ಥೆಯ ಉದ್ದೇಶವು ಇದು. ಕೆಲವೇ ರಾಷ್ಟ್ರಗಳು ಗುಂಪುಕಟ್ಟಿ, ಹೊರಗಿನ ಆಕ್ರಮಣವನ್ನು ಕೂಡಿ ಎದುರಿಸುವೆವೆಂದು ಒಪ್ಪಿಕೊಳ್ಳುವುದು 'ಸಾಮೂಹಿಕ ರಕ್ಷಣೆ'. ವಿಶ್ವಸಂಸ್ಥೆಯ ಸನ್ನದಿನ ೫೧ನೆಯ ವಿಧಿಯು ಇಂತಹ ರಕ್ಷಣೆಯ ಹಕ್ಕನ್ನು ಅಂಗೀಕರಿಸಿದೆ. ಭದ್ರತಾ ಮಂಡಲಿಯ ಐದು ಖಾಯಂ ಸದಸ್ಯರಲ್ಲಿ ಯಾರೊಬ್ಬರು ಬೇಡವೆಂದರೂ ಕಾರ್ಯವು ನಿಂತುಹೋಗುವುದರಿಂದ, ರಾಷ್ಟ್ರಗಳು ಎರಡನೆಯ ದಾರಿಯನ್ನೇ ಹೆಚ್ಚಾಗಿ ನೆಚ್ಚಿಕೊಂಡಿವೆ.

ನಮ್ಮ ಊರಿನ ಉದಾಹರಣೆಯಿಂದ ಇದು ಸುಲಭವಾಗಿ ತಿಳಿಯುವುದು. ಕಾಡಾನೆಗಳು ಗದ್ದೆಗೆ ಇಳಿಯುವ ಕಾಲದಲ್ಲಿ ನಾಲ್ಕು ಮನೆಯವರು ಸೇರಿ ಸರದಿಯ ಮೇಲೆ ರಾತ್ರಿ ಕಾವಲು ಕಾಯುತ್ತಾರೆ. ಸರದಿ ತಪ್ಪದೆ ಬಂದವನ ಗದ್ದೆಗೆ ಆನೆ ಬಂದಾಗ ಎಲ್ಲರೂ ಓಡಿಬರುತ್ತಾರೆ. ಆದರೆ ಒಬ್ಬನು ತಾನು ಕಾವಲು ಕಾಯದೆ, ಬಲಿಷ್ಠನಾದ ನೆರೆಯವನಿಗೆ ವರ್ಷಕ್ಕಿಷ್ಟು ಭತ್ತವನ್ನು ಅಳೆದುಕೊಟ್ಟು, "ನನ್ನ ಗದ್ದೆಯನ್ನೂ ನೀನೇ ಕಾಯಿ" ಎಂದರೆ ಏನಾಗುವುದು? ಭತ್ತವನ್ನು ಕೊಡಲಾಗದ ವರ್ಷ ಕಾವಲುಗಾರನು ಗದ್ದೆಯನ್ನೇ ಕೇಳುತ್ತಾನೆ. ಇದು ಕಲ್ಪನೆಯ ಮಾತಲ್ಲ. ನಮ್ಮ ನಾಡಿನಲ್ಲಿ ನಡೆದುಹೋದುದು.

ಬತ್ತೇರಿಯ ಬಸದಿ ಮತ್ತು ತ್ರಿಪಕ್ಷ ಮೈತ್ರಿ

ಸುಲ್ತಾನ್ ಬತ್ತೇರಿಯನ್ನು ಕನ್ನಡಿಗರು ಹಿಂದೆ 'ಹನ್ನೆರಡು ಬೀದಿ' ಎಂದು ಕರೆಯುತ್ತಿದ್ದರು. ಅಲ್ಲಿನ ಪ್ರಾಚೀನ ಜೈನ ಬಸದಿಯನ್ನು ಟಿಪ್ಪು ಸುಲ್ತಾನನ ಸೈನ್ಯವು ಮದ್ದುಗುಂಡುಗಳ ಉಗ್ರಾಣವಾಗಿ ಬಳಸಿತು. ಇಂಗ್ಲಿಷರ 'ಬ್ಯಾಟರಿ' ಎಂಬ ಮಾತು 'ಬತ್ತೇರಿ'ಯಾಗಿ ಊರಿಗೆ ಅಂಟಿಕೊಂಡಿತು. ಟಿಪ್ಪುವಿನ ವಿಷಯದಲ್ಲಿ ಮಲಬಾರು, ಕೊಡಗು, ಮೈಸೂರು ನಾಡುಗಳ ಮನೆಗಳಲ್ಲಿ ಬೇರೆ ಬೇರೆ ನೆನಪುಗಳಿವೆ. ಅವುಗಳ ವಿಚಾರ ಇಲ್ಲಿ ಬೇಡ. ನಮಗೆ ಈಗ ಬೇಕಾದುದು ಆ ಕಾಲದ ಒಡಂಬಡಿಕೆಗಳ ಕಥೆ.

ಆಗ ದಕ್ಷಿಣ ಭಾರತದಲ್ಲಿ ನಾಲ್ಕು ದೊಡ್ಡ ಶಕ್ತಿಗಳಿದ್ದವು: ಮೈಸೂರು, ಪುಣೆಯ ಮರಾಠರು, ಹೈದರಾಬಾದಿನ ನಿಜಾಮನು, ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ. ೧೭೮೪ರ ಮಂಗಳೂರು ಒಪ್ಪಂದದಲ್ಲಿ ತಿರುವಾಂಕೂರು ಕಂಪನಿಯ ಮಿತ್ರನೆಂದು ಸೇರಿತ್ತು. ೧೭೮೯ರ ಡಿಸೆಂಬರಿನಲ್ಲಿ ಟಿಪ್ಪು ತಿರುವಾಂಕೂರಿನ ನೆಡುಂಕೋಟೆಯ ಮೇಲೆ ಬಿದ್ದನು. ಮಿತ್ರನ ಮೇಲೆ ಬಿದ್ದರೆ ತನ್ನ ಮೇಲೆಯೇ ಬಿದ್ದಂತೆ ಎನ್ನಬೇಕಾಗಿದ್ದ ಕಂಪನಿಯ ಮದರಾಸು ಸರಕಾರವು ಮೊದಲು ಹಿಂದುಮುಂದು ನೋಡಿತು. ಗವರ್ನರ್ ಜನರಲ್ ಕಾರ್ನ್‌ವಾಲಿಸನು ಮಾತ್ರ ಯುದ್ಧಕ್ಕೆ ನಿಂತು, ೧೭೯೦ರಲ್ಲಿ ಮರಾಠರೊಡನೆಯೂ ನಿಜಾಮನೊಡನೆಯೂ ಒಪ್ಪಂದ ಮಾಡಿಕೊಂಡನು. ಇದಕ್ಕೆ ತ್ರಿಪಕ್ಷ ಮೈತ್ರಿಯೆಂದು ಹೆಸರು.

ಕಾಗದದ ಮೇಲೆ ಇಷ್ಟು ಬಲವಾಗಿದ್ದ ಮೈತ್ರಿಯು ರಣರಂಗದಲ್ಲಿ ಹೇಗೆ ನಡೆಯಿತೆಂಬುದನ್ನು ನೋಡಿರಿ. ೧೭೯೧ರ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದನು. ಮಳೆ ಹಿಡಿದಿತ್ತು, ದವಸ ಮುಗಿದಿತ್ತು, ಬಂಡಿಯ ಎತ್ತುಗಳು ಸಾಯುತ್ತಿದ್ದವು. ಬೇರೆ ದಾರಿ ಕಾಣದೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಿದನು. ಹಿಂದಿರುಗುವ ದಾರಿಯಲ್ಲಿ ಎದುರಿಗೆ ಕುದುರೆಸವಾರರ ದಂಡು ಕಂಡಿತು. ಶತ್ರುಗಳೆಂದು ಹೆದರಿದರೆ, ಅವರು ದವಸಧಾನ್ಯ ಸಮೇತ ಬರುತ್ತಿದ್ದ ಮರಾಠ ಮಿತ್ರರೇ ಆಗಿದ್ದರು! ಟಿಪ್ಪುವಿನ ಸವಾರರು ದೂತರನ್ನು ತಡೆದಿದ್ದರಿಂದ, ಮಿತ್ರನು ಹತ್ತಿರದಲ್ಲಿಯೇ ಇರುವ ಸುದ್ದಿ ಮಿತ್ರನಿಗೆ ತಲಪಿರಲಿಲ್ಲ. ಸೈನ್ಯಗಳು ಕೂಡಿ ಅಭ್ಯಾಸ ಮಾಡದಿದ್ದರೆ, ಸುದ್ದಿ ಸಾಗಿಸುವ ಏರ್ಪಾಡು ಇಲ್ಲದಿದ್ದರೆ, ಮೈತ್ರಿಯ ಕಾಗದವು ಫಿರಂಗಿಗಳನ್ನು ಉಳಿಸಲಾರದು.

ಮರುವರ್ಷ ಮೂವರೂ ಕೂಡಿ ಗೆದ್ದರು. ೧೭೯೨ರ ಮಾರ್ಚಿಯ ಶ್ರೀರಂಗಪಟ್ಟಣ ಒಪ್ಪಂದದಂತೆ ಟಿಪ್ಪು ತನ್ನ ರಾಜ್ಯದ ಅರ್ಧಭಾಗವನ್ನೂ ೩ ಕೋಟಿ ೩೦ ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಹಣ ತೀರುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಮಲಬಾರು ಕಂಪನಿಯ ಪಾಲಾಯಿತು.

ಹೊಳೆ ದಾಟಿದ ಮೇಲೆ

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?" ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಮೂವರನ್ನು ಕೂಡಿಸಿದ್ದುದು ಟಿಪ್ಪುವಿನ ಭಯವೊಂದೇ. ಭಯವು ಅರ್ಧಕ್ಕಿಳಿದೊಡನೆ ಸ್ನೇಹವೂ ಇಳಿಯಿತು. ಮೂರೇ ವರ್ಷಗಳಲ್ಲಿ, ೧೭೯೫ರಲ್ಲಿ, ಮರಾಠರೂ ನಿಜಾಮನೂ ಖರ್ಡಾ ಎಂಬಲ್ಲಿ ಪರಸ್ಪರ ಯುದ್ಧ ಮಾಡಿದರು. ನಿಜಾಮನು ಕಂಪನಿಯ ಸಹಾಯವನ್ನು ಕೋರಿದನು. ಗವರ್ನರ್ ಜನರಲ್ ಸರ್ ಜಾನ್ ಶೋರನು ತಟಸ್ಥನಾಗಿ ಉಳಿದನು. ಸೋತ ನಿಜಾಮನು ೧೭೯೮ರಲ್ಲಿ ವೆಲ್ಲೆಸ್ಲಿಯ 'ಸಹಾಯಕ ಸೈನ್ಯ ಪದ್ಧತಿ'ಗೆ ಒಳಗಾದನು. ಅದರಂತೆ ಕಂಪನಿಯ ಪಡೆ ಅವನ ರಾಜ್ಯದಲ್ಲಿ ನಿಲ್ಲುವುದು; ಖರ್ಚು ಅವನದು; ಕಂಪನಿಯನ್ನು ಕೇಳದೆ ಯಾರೊಡನೆಯೂ ವ್ಯವಹಾರ ಮಾಡುವಂತಿಲ್ಲ. ಸಂಧಿಯು ಸಂಶ್ರಯವಾದುದು ಹೀಗೆ. ಎರಡೇ ವರ್ಷಗಳ ಬಳಿಕ, ೧೮೦೦ರಲ್ಲಿ, ಆ ಸೈನ್ಯದ ಖರ್ಚಿಗಾಗಿ ಬಳ್ಳಾರಿ, ಕಡಪ ಮೊದಲಾದ ಪ್ರಾಂತಗಳನ್ನು ನಿಜಾಮನು ಕಂಪನಿಗೆ ಬಿಟ್ಟುಕೊಟ್ಟನು. ಮೈಸೂರಿನಿಂದ ತಾನು ಗೆದ್ದುಕೊಂಡಿದ್ದ ಭೂಮಿಯೇ ಅದು! ಪೇಶ್ವೆಯು ೧೮೦೨ರಲ್ಲಿ ಇಂತಹುದೇ ಒಪ್ಪಂದಕ್ಕೆ ಒಳಗಾಗಿ, ೧೮೧೮ರಲ್ಲಿ ರಾಜ್ಯವನ್ನೇ ಕಳೆದುಕೊಂಡನು. ೧೭೯೦ರಲ್ಲಿ ಕಂಪನಿಯ ಸ್ನೇಹ ಬೆಳಸಿದ್ದ ನಮ್ಮ ನೆರೆಯ ಕೊಡಗನ್ನು ಕಂಪನಿಯು ೧೮೩೪ರಲ್ಲಿ ನುಂಗಿತು.

ಇತ್ತ ಟಿಪ್ಪುವೂ ಮಿತ್ರರನ್ನು ಹುಡುಕದೆ ಇರಲಿಲ್ಲ. ಅವನ ರಾಯಭಾರಿಗಳು ತುರ್ಕಿಗೂ ಫ್ರಾನ್ಸಿಗೂ ಹೋಗಿದ್ದರು. ೧೭೯೮ರ ಜನವರಿಯಲ್ಲಿ ಮಾರಿಷಸಿನ ಫ್ರೆಂಚ್ ಗವರ್ನರನು ಟಿಪ್ಪುವಿಗೆ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಸಾರಿದನು. ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ ಮಾತ್ರ. ಆದರೆ ಆ ಸಾರೋಣವೇ ಕಂಪನಿಗೆ ಯುದ್ಧದ ನೆಪವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಫ್ರೆಂಚರ ನೌಕಾಪಡೆಯು ಈಜಿಪ್ಟಿನ ತೀರದಲ್ಲಿ ನೆಲ್ಸನನಿಂದ ನಾಶವಾಯಿತು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದನು. ಒಡೆಯರ ವಂಶಕ್ಕೆ ಮರಳಿ ಬಂದ ಮೈಸೂರು ವರ್ಷಕ್ಕೆ ೭ ಲಕ್ಷ ವರಹಗಳನ್ನು ಕಂಪನಿಗೆ ಸಲ್ಲಿಸಬೇಕಾಯಿತು. ೧೮೩೧ರಿಂದ ೧೮೮೧ರವರೆಗೆ ಐವತ್ತು ವರ್ಷ ಆಡಳಿತವೂ ಅರಸರ ಕೈತಪ್ಪಿತು.

ವಯನಾಡಿನ ಪಾಲು

ಈ ಎಲ್ಲ ಒಡಂಬಡಿಕೆಗಳಲ್ಲಿ ನಮ್ಮ ವಯನಾಡಿನ ಸ್ಥಿತಿ ಏನಾಗಿತ್ತು? ೧೭೯೨ರಲ್ಲಿ ಕಂಪನಿಗೆ ಬಂದ ಪ್ರದೇಶದಲ್ಲಿ ವಯನಾಡು ಸೇರಿದೆಯೇ ಇಲ್ಲವೇ ಎಂಬುದು ವರ್ಷಗಟ್ಟಲೆ ವಾದಕ್ಕೆ ಬಿದ್ದಿತ್ತು. ೧೭೯೮ರಲ್ಲಿ ಅದು ಟಿಪ್ಪುವಿನದೇ ಎಂದು ಕಂಪನಿ ಒಪ್ಪಿತು. ಟಿಪ್ಪುವಿನ ಪತನದ ನಂತರ ತನ್ನದೆಂದು ಹಿಡಿಯಿತು. ಕುರಿಚ್ಯರು, ಕುರುಮರು, ಚೆಟ್ಟಿಗಳು, ಗೌಡರು, ನಾಯರುಗಳು ಬಾಳುತ್ತಿದ್ದ ಈ ನೆಲದ ಪತ್ರವ್ಯವಹಾರವು ದೂರದ ಕಚೇರಿಗಳಲ್ಲಿ ನಡೆಯಿತು. ಇಲ್ಲಿ ಗದ್ದೆ ಉಳುವವರನ್ನು ಯಾರೂ ಕೇಳಲಿಲ್ಲ.

ಕೋಟ್ಟಯಂ ರಾಜವಂಶದ ಪಳಶ್ಶಿ ರಾಜ ಕೇರಳವರ್ಮನು ೧೭೯೦ರಲ್ಲಿ ಟಿಪ್ಪುವಿಗೆ ವಿರುದ್ಧವಾಗಿ ಕಂಪನಿಯನ್ನು ಸೇರಿದ್ದನು. ತಲಶ್ಶೇರಿಯ ಕಂಪನಿ ಅಧಿಕಾರಿಗಳಿಂದ ರಕ್ಷಣೆಯ ಭರವಸೆಯನ್ನೂ ಪಡೆದಿದ್ದನು. ಯುದ್ಧ ಮುಗಿದ ಮೇಲೆ ಕಂಪನಿಯು ಅವನನ್ನು ಬದಿಗೊತ್ತಿ, ಕೋಟ್ಟಯಂ ನಾಡಿನ ಕಂದಾಯದ ಗುತ್ತಿಗೆಯನ್ನು ಅವನ ಸೋದರಮಾವನಾದ ಕುರುಂಬ್ರನಾಡಿನ ರಾಜನಿಗೆ ಕೊಟ್ಟಿತು. ಕೊಟ್ಟ ಮಾತು ಉಳಿಯದಿದ್ದಾಗ ಪಳಶ್ಶಿ ರಾಜನು ಆಯುಧ ಹಿಡಿದನು. ತಾನು ಹಿಂದೆ ಎದುರಿಸಿದ್ದ ಟಿಪ್ಪುವಿನ ಕಡೆಯವರೊಡನೆಯೂ ಮಾತುಕತೆ ನಡೆಸಿದನು. ೧೭೯೭ರ ಮಾರ್ಚಿಯಲ್ಲಿ ಪೆರಿಯ ಘಾಟಿಯಲ್ಲಿ ಕಂಪನಿಯ ದೊಡ್ಡ ಪಡೆಯೊಂದು ಸೋತುಹೋಯಿತು. ೧೮೦೨ರ ಅಕ್ಟೋಬರ್ ೧೧ರಂದು ಎಡಚ್ಚೇನ ಕುಂಕನ್ ಮತ್ತು ಕುರಿಚ್ಯರ ಮುಖಂಡ ತಲಕ್ಕಲ್ ಚಂದು ಪನಮರಂ ಕೋಟೆಯನ್ನು ಹಿಡಿದರು. ಅಲ್ಲಿದ್ದ ಸುಮಾರು ೭೦ ಮಂದಿ ಸೈನಿಕರು ಹತರಾದರು. ೧೮೦೫ರ ನವೆಂಬರ್ ೩೦ರಂದು ಪುಲ್ಪಳ್ಳಿಯ ಹತ್ತಿರದ ಮಾವಿಲತೋಡಿನಲ್ಲಿ ರಾಜನು ಮಡಿದನು. ಮಾನಂದವಾಡಿಯಲ್ಲಿ ಅವನ ಸಮಾಧಿಯನ್ನು ನೀವು ನೋಡಿದ್ದೀರಿ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಂಪನಿಯೊಡನೆ ರಾಜನು ಮಾಡಿಕೊಂಡ ಲಿಖಿತ ಮೈತ್ರಿ ಮೂರು ವರ್ಷವೂ ಬಾಳಲಿಲ್ಲ. ಅರಮನೆಯವನೂ ಕಾಡಿನ ಬಿಲ್ಲುಗಾರನೂ ಕೂಡಿ ಕಟ್ಟಿದ ಮೈತ್ರಿಯು ಬಡತನದಲ್ಲಿಯೂ ಸೋಲಿನಲ್ಲಿಯೂ ವರ್ಷಗಟ್ಟಲೆ ಬಾಳಿತು. ಏಕೆಂದರೆ ಅವರು ಕಾಯುತ್ತಿದ್ದುದು ಒಂದೇ ನೆಲ, ಪಟ್ಟ ಕಷ್ಟವೂ ಒಂದೇ.

ಮೂರು ಪರೀಕ್ಷೆಗಳು

ಈ ಚರಿತ್ರೆಯಿಂದ ಯಾವ ಮೈತ್ರಿಯನ್ನಾದರೂ ಪರೀಕ್ಷಿಸಲು ಮೂರು ಪ್ರಶ್ನೆಗಳು ದೊರೆಯುತ್ತವೆ. ಒಂದು: ಕೂಡಿದವರನ್ನು ಹಿಡಿದಿರುವುದು ಒಬ್ಬ ಶತ್ರುವಿನ ಭಯವೊಂದೇ ಆಗಿದೆಯೆ, ಅದರಾಚೆಗೂ ಏನಾದರೂ ಇದೆಯೆ? ಎರಡು: ಆಯುಧ ಯಾರ ಕೈಯಲ್ಲಿದೆ, ಖರ್ಚು ಯಾರ ಮೇಲಿದೆ? ಮೂರು: ಕೊಟ್ಟ ಮಾತು ಸ್ಪಷ್ಟವಾಗಿದೆಯೆ, ಅದನ್ನು ನಡೆಸುವ ಅಭ್ಯಾಸವಿದೆಯೆ? ಈ ಪ್ರಶ್ನೆಗಳನ್ನು ಹಿಡಿದುಕೊಂಡು ಈಗ ಹೊರಜಗತ್ತನ್ನು ನೋಡೋಣ.

೧೯೪೯ರ ಏಪ್ರಿಲ್ ೪ರಂದು ೧೨ ರಾಷ್ಟ್ರಗಳು ಉತ್ತರ ಅಟ್ಲಾಂಟಿಕ್ ಒಪ್ಪಂದಕ್ಕೆ ಸಹಿ ಮಾಡಿದವು. 'ನೇಟೋ' ಎಂಬುದು ಇದೇ ಸಂಸ್ಥೆ. ಒಬ್ಬ ಸದಸ್ಯನ ಮೇಲಿನ ಆಕ್ರಮಣವು ಎಲ್ಲರ ಮೇಲಿನ ಆಕ್ರಮಣವೆಂದು ಅದರ ೫ನೆಯ ವಿಧಿ ಹೇಳುತ್ತದೆ. ಆದರೆ ಸಹಾಯಕ್ಕಾಗಿ ಏನು ಮಾಡಬೇಕೆಂಬುದನ್ನು ಪ್ರತಿಯೊಂದು ರಾಷ್ಟ್ರವು ತಾನೇ ನಿರ್ಣಯಿಸಬಹುದೆಂದೂ ಅದೇ ವಿಧಿಯಲ್ಲಿದೆ. ಆ ವಿಧಿಯು ಈವರೆಗೆ ಬಳಕೆಗೆ ಬಂದಿರುವುದು ಒಂದೇ ಸಲ, ೨೦೦೧ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಲೆ ದಾಳಿ ನಡೆದಾಗ. ಎಲ್ಲರಿಗಿಂತ ಬಲಿಷ್ಠನಾದವನಿಗೂ ನೆರವು ಬೇಕಾಗುವ ಕಾಲ ಬರುವುದೆಂಬುದಕ್ಕೆ ಇದೇ ಸಾಕ್ಷಿ. ಇದಕ್ಕೆ ಪ್ರತಿಯಾಗಿ ಸೋವಿಯೆತ್ ಒಕ್ಕೂಟವು ೧೯೫೫ರಲ್ಲಿ ವಾರ್ಸಾ ಒಡಂಬಡಿಕೆಯನ್ನು ಕಟ್ಟಿತು. ೧೯೬೮ರಲ್ಲಿ ಆ ಕೂಟದ ಸೈನ್ಯಗಳು ತಮ್ಮದೇ ಸದಸ್ಯನಾದ ಚೆಕೊಸ್ಲೊವಾಕಿಯದೊಳಗೆ ನುಗ್ಗಿದವು. ಕಾವಲುಗಾರನೇ ಗದ್ದೆಗೆ ಇಳಿದಂತಾಯಿತು. ೧೯೯೧ರಲ್ಲಿ ಆ ಕೂಟವು ಮುರಿದುಬಿತ್ತು. ಅದರಲ್ಲಿದ್ದ ಪೋಲೆಂಡ್, ಹಂಗೆರಿಗಳು ೧೯೯೯ರಲ್ಲಿ ನೇಟೋವನ್ನೇ ಸೇರಿದವು.

ಶತ್ರುವಿಲ್ಲದೆ ಹೋದ ಬಳಿಕವೂ ನೇಟೋ ಉಳಿದುಬಂದುದಕ್ಕೆ ಮುಖ್ಯ ಕಾರಣ, ಒಂದೇ ದಂಡನಾಯಕತ್ವ ಮತ್ತು ಕೂಡಿ ಮಾಡುವ ಸೈನಿಕ ಅಭ್ಯಾಸ. ೧೭೯೧ರಲ್ಲಿ ಕಾರ್ನ್‌ವಾಲಿಸನಿಗೆ ಇಲ್ಲದೆಹೋದುದು ಇದೇ. ಆದರೆ ಎರಡನೆಯ ಪ್ರಶ್ನೆಯು ಈಗ ಅದನ್ನೂ ಕಾಡುತ್ತಿದೆ. ಹೆಚ್ಚು ಹೊರೆಯನ್ನು ತಾನೇ ಹೊರುತ್ತಿರುವೆನೆಂದು ಅಮೆರಿಕವೂ, ಅಮೆರಿಕವು ಕೈಬಿಟ್ಟರೆ ಗತಿಯೇನೆಂದು ಯೂರೋಪೂ ಚಿಂತಿಸುತ್ತಿವೆ. ೨೦೨೫ರ ಜೂನಿನಲ್ಲಿ ಹೇಗ್ ನಗರದ ಸಭೆಯು, ೨೦೩೫ರ ವೇಳೆಗೆ ರಾಷ್ಟ್ರೀಯ ಉತ್ಪನ್ನದ ಶೇಕಡಾ ೫ ಭಾಗವನ್ನು ರಕ್ಷಣೆಗೂ ಅದಕ್ಕೆ ಸಂಬಂಧಿಸಿದ ಕಾರ್ಯಗಳಿಗೂ ವೆಚ್ಚಮಾಡುವ ಗುರಿಯನ್ನು ಇಟ್ಟುಕೊಂಡಿತು.

ಮೂರನೆಯ ಪ್ರಶ್ನೆಗೆ ಉಕ್ರೇನ್ ದುಃಖಕರವಾದ ಉದಾಹರಣೆ. ೧೯೯೪ರಲ್ಲಿ ಆ ದೇಶವು ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿತು. ಅದರ ಗಡಿಗಳನ್ನು ಗೌರವಿಸುವೆವೆಂದು ರಷ್ಯ, ಅಮೆರಿಕ, ಬ್ರಿಟನ್‌ಗಳು ಬುಡಾಪೆಸ್ಟಿನಲ್ಲಿ ಸಹಿ ಮಾಡಿದವು. ಆದರೆ ಅದು ಭರವಸೆಯ ಮಾತು. ಯುದ್ಧಕ್ಕೆ ಬರುವೆವೆಂಬ ಕಟ್ಟಳೆಯಲ್ಲ. ೨೦೧೪ರಲ್ಲಿ ಕ್ರಿಮಿಯ ಹೋಯಿತು. ೨೦೨೨ರ ಫೆಬ್ರವರಿ ೨೪ರಂದು ಪೂರ್ಣ ಯುದ್ಧವೇ ಬಂದಿತು. ಶಸ್ತ್ರಾಸ್ತ್ರಗಳು ಬಂದವು, ಹಣ ಬಂದಿತು; ಆದರೆ ಸಹಿ ಹಾಕಿದವರ ಸೈನ್ಯ ರಣರಂಗಕ್ಕೆ ಬರಲಿಲ್ಲ. ಇದನ್ನು ಕಂಡು, ಬಹುಕಾಲ ತಟಸ್ಥವಾಗಿದ್ದ ಫಿನ್ಲೆಂಡ್ ೨೦೨೩ರಲ್ಲಿಯೂ ಸ್ವೀಡನ್ ೨೦೨೪ರಲ್ಲಿಯೂ ನೇಟೋವನ್ನು ಸೇರಿದವು. ಈಗ ಅದರಲ್ಲಿ ೩೨ ರಾಷ್ಟ್ರಗಳಿವೆ.

ನಮ್ಮ ಏಷ್ಯದಲ್ಲಿಯೂ ಉದಾಹರಣೆಗಳಿಲ್ಲದಿಲ್ಲ. ೧೯೫೪ರಲ್ಲಿ ಕಟ್ಟಿದ 'ಸಿಯಾಟೋ' ಕೂಟವನ್ನು ಪಾಕಿಸ್ತಾನವು ಭಾರತದ ವಿರುದ್ಧ ನೆರವಾದೀತೆಂದು ಸೇರಿತು. ಅಮೆರಿಕವು ಕಮ್ಯುನಿಸ್ಟರನ್ನು ತಡೆಯಲು ಕಟ್ಟಿತು. ಒಂದೇ ಕಾಗದವನ್ನು ಇಬ್ಬರು ಎರಡು ರೀತಿಯಲ್ಲಿ ಓದಿದರು. ೧೯೬೫ರಲ್ಲಿಯೂ ೧೯೭೧ರಲ್ಲಿಯೂ ಆ ಕೂಟವು ಪಾಕಿಸ್ತಾನದ ಪರವಾಗಿ ಯುದ್ಧಕ್ಕೆ ಬರಲಿಲ್ಲ; ೧೯೭೭ರಲ್ಲಿ ಕೂಟವೇ ಮುಚ್ಚಿಹೋಯಿತು. ೨೦೨೫ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನವು ಸೌದಿ ಅರೇಬಿಯದೊಡನೆ ಪರಸ್ಪರ ರಕ್ಷಣೆಯ ಹೊಸ ಒಪ್ಪಂದವನ್ನು ಮಾಡಿಕೊಂಡಿದೆ.

ನಮ್ಮ ದೇಶ

ಸ್ವತಂತ್ರ ಭಾರತವು ಯಾವ ಸೈನಿಕ ಕೂಟವನ್ನೂ ಸೇರಲಿಲ್ಲ. ಇನ್ನೂರು ವರ್ಷಗಳ ಸಂಶ್ರಯದ ಕಹಿಯನ್ನು ಉಂಡಿದ್ದ ದೇಶವು ಹಾಗೆ ನಿರ್ಧರಿಸಿದುದು ಆಶ್ಚರ್ಯವಲ್ಲ. ೧೯೫೫ರ ಬಾಂಡುಂಗ್ ಸಮ್ಮೇಳನ, ೧೯೬೧ರ ಬೆಲ್‌ಗ್ರೇಡ್ ಸಮ್ಮೇಳನಗಳ ಮೂಲಕ ಅಲಿಪ್ತ ನೀತಿಯು ರೂಪುಗೊಂಡಿತು. ಆದರೆ ಅಲಿಪ್ತನಾದವನು ಬಲಹೀನನಾಗಿರಬಾರದು. ೧೯೫೪ರಲ್ಲಿ ಚೀನದೊಡನೆ ಪಂಚಶೀಲ ತತ್ತ್ವಗಳಿಗೆ ಸಹಿ ಮಾಡಿದ್ದ ನಾವು ೧೯೬೨ರಲ್ಲಿ ಅದೇ ಚೀನದೊಡನೆ ಯುದ್ಧಮಾಡಬೇಕಾಗಿ ಬಂದು, ಸಿದ್ಧತೆ ಸಾಲದೆ ಸೋತೆವು. ಪರದೇಶಗಳಿಂದ ಆಯುಧಗಳನ್ನು ಬೇಡಬೇಕಾಯಿತು. ೧೯೭೧ರ ಆಗಸ್ಟ್ ೯ರಂದು ಸೋವಿಯೆತ್ ಒಕ್ಕೂಟದೊಡನೆ ೨೦ ವರ್ಷಗಳ ಮೈತ್ರಿ ಒಪ್ಪಂದವಾಯಿತು. ಆಕ್ರಮಣದ ಭಯ ಬಂದರೆ ಇಬ್ಬರೂ ಕೂಡಲೆ ಸಮಾಲೋಚಿಸುವರೆಂದು ಅದರಲ್ಲಿತ್ತು. ಆ ಡಿಸೆಂಬರಿನ ಯುದ್ಧಕಾಲದಲ್ಲಿ ಭದ್ರತಾ ಮಂಡಲಿಯಲ್ಲಿ ಸೋವಿಯೆತ್ ನಿಷೇಧಾಧಿಕಾರವು ನಮಗೆ ಆಸರೆಯಾಯಿತು. ಆದರೆ ರಣರಂಗದಲ್ಲಿ ಹೋರಾಡಿದವರು ನಮ್ಮ ಸೈನಿಕರೇ. ಪರರ ಪಡೆಯನ್ನು ನಮ್ಮ ನೆಲದಲ್ಲಿ ನಿಲ್ಲಿಸಬೇಕೆಂಬ ಷರತ್ತು ಅದರಲ್ಲಿರಲಿಲ್ಲ. ಅದು ಸಂಧಿ, ಸಂಶ್ರಯವಲ್ಲ.

ಇಂದು ಭಾರತವು ಅಮೆರಿಕ, ಜಪಾನ್, ಆಸ್ಟ್ರೇಲಿಯಗಳೊಡನೆ 'ಕ್ವಾಡ್' ಕೂಟದಲ್ಲಿದೆ. ರಷ್ಯ, ಚೀನಗಳಿರುವ ಶಾಂಘಾಯ್ ಸಹಕಾರ ಸಂಸ್ಥೆಯಲ್ಲಿಯೂ ೨೦೧೭ರಿಂದ ಸದಸ್ಯನಾಗಿದೆ. ಇವುಗಳಲ್ಲಿ ಯಾವುದೂ ಸಾಮೂಹಿಕ ರಕ್ಷಣೆಯ ಕೂಟವಲ್ಲ. ಮುಂದಿನ ಕಾಲದಲ್ಲಿಯೂ ಒಂದೊಂದು ಕಾರ್ಯಕ್ಕೆ ಒಂದೊಂದು ಕೂಟ ಎಂಬ ರೀತಿಯೇ ಹೆಚ್ಚಾಗಬಹುದೆಂದು ನನಗೆ ತೋರುತ್ತದೆ. ಹೊರೆಯನ್ನು ನ್ಯಾಯವಾಗಿ ಹಂಚಿಕೊಂಡವು ಬಾಳಿಯಾವು. ಒಂದೇ ಭಯದ ಮೇಲೆ ನಿಂತವು ಭಯ ಸರಿದಾಗ ಸಡಿಲವಾದಾವು.

ಇನ್ನು ಆ ಹುಡುಗನ ಪ್ರಶ್ನೆ. ಮಗು, ನಮ್ಮ ಮೇಲೆ ಯಾರಾದರೂ ಬಿದ್ದರೆ ಕೂಡಿ ಯುದ್ಧಕ್ಕೆ ಬರಲೇಬೇಕೆಂದು ಕಟ್ಟುಬಿದ್ದಿರುವ ಹೊರದೇಶ ಯಾವುದೂ ಇಲ್ಲ. ನೆರವು ಬರಬಹುದು; ಆಯುಧ, ಸುದ್ದಿ, ಸಭೆಯಲ್ಲಿ ಒಂದು ಮತ, ಇವೆಲ್ಲ ಬರಬಹುದು, ಅವು ಬೇಕೂ ಹೌದು. ಆದರೆ ಮೊದಲು ನಿಲ್ಲುವವನು ನಿನ್ನ ಅಣ್ಣನೇ. ಈ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆ ಅದು, ಸಣ್ಣದಲ್ಲ. ಅದನ್ನು ಮರೆಮಾಚಿ ನಿನಗೆ ಸಮಾಧಾನ ಹೇಳುವುದು ಉಪಾಧ್ಯಾಯನ ಧರ್ಮವಲ್ಲ. ಆದುದರಿಂದಲೇ ನಮ್ಮನ್ನು ಆಳುವವರು ಯಾವ ಕಾಗದಕ್ಕೆ ಸಹಿ ಹಾಕುತ್ತಾರೆ, ಯಾವುದಕ್ಕೆ ಹಾಕುವುದಿಲ್ಲ ಎಂಬುದನ್ನು ನಾವು ತಿಳಿದಿರಬೇಕು.

ತಂದೆತಾಯಿಗಳಲ್ಲಿ ನನ್ನದೊಂದು ಪ್ರಾರ್ಥನೆ. ರಾತ್ರಿ ಊಟದ ನಂತರ ಹತ್ತು ನಿಮಿಷ ಮಕ್ಕಳೊಡನೆ ಪತ್ರಿಕೆಯನ್ನು ಓದಿರಿ. ೧೭೯೨ರಲ್ಲಿ ವಯನಾಡಿನ ರೈತನನ್ನು ಯಾರೂ ಕೇಳಲಿಲ್ಲ. ಇಂದು ಅವನಿಗೆ ಮತವಿದೆ, ಅವನ ಮಗನಿಗೆ ಅಕ್ಷರವಿದೆ. ಕೇಳದೆ ಹೋದರೆ ತಪ್ಪು ಈಗ ನಮ್ಮದಾಗುತ್ತದೆ.

ಅಭ್ಯಾಸಕ್ಕಾಗಿ

೧. ಸಂಧಿಗೂ ಸಂಶ್ರಯಕ್ಕೂ ಇರುವ ಭೇದವನ್ನು ನಿಜಾಮನ ಉದಾಹರಣೆಯಿಂದ ವಿವರಿಸಿರಿ.

೨. ತ್ರಿಪಕ್ಷ ಮೈತ್ರಿಯು ಗೆದ್ದ ಮೇಲೆ ಮುರಿಯಲು ಕಾರಣವೇನು?

೩. ಮನೆಯ ಹಿರಿಯರನ್ನು ಕೇಳಿ, ನಿಮ್ಮ ಊರಿನಲ್ಲಿ ಪಳಶ್ಶಿ ರಾಜನ ಅಥವಾ ಟಿಪ್ಪುವಿನ ಕಾಲದ ನೆನಪಿರುವ ಸ್ಥಳವೊಂದನ್ನು ಕುರಿತು ಒಂದು ಪುಟ ಬರೆಯಿರಿ.